ಹಿತ್ತಲಿನ ಬಸವನಹುಳು ಮತ್ತು ಶ್ರಾವಕನ ಅಣುವ್ರತ

ಮೃಗಶಿರಾ ಮಳೆ ಹನಿದು, ಆರಿದ್ರಾ ಮಳೆ ನಿಂತು ಹಿಡಿಯುವ ಹೊತ್ತಿಗೆ ಮಲಪ್ರಭೆಯ ದಂಡೆಯ ಮುನವಳ್ಳಿಯಂತಹ ಊರುಗಳಲ್ಲಿ ಹಿತ್ತಲಿನ ಮಣ್ಣು ಹದಕ್ಕೆ ಬರುತ್ತದೆ. ಪೂಜೆಯ ಹೂವಿಗೆಂದು ನೆಟ್ಟ ಚೆಂಡುಹೂವಿನ ಸಸಿ, ಅಡುಗೆಗೆಂದು ಬಿತ್ತಿದ ಮೆಂತ್ಯದ ಪಾತಿ, ಬಾವಿಕಟ್ಟೆಯ ಪಕ್ಕದ ಎಲೆಬಳ್ಳಿ ಎಲ್ಲವೂ ಚಿಗುರುವ ಕಾಲವದು. ಬೇಸಿಗೆಯುದ್ದಕ್ಕೂ ಕಲ್ಲಿನ ಸಂದಿಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿದ್ದ ಬಸವನಹುಳುಗಳೂ, ಅವುಗಳ ಬಳಗಕ್ಕೇ ಸೇರಿದ, ಬೆನ್ನ ಮೇಲೆ ಚಿಪ್ಪಿಲ್ಲದ ಲೋಳೆಹುಳುಗಳೂ ಹೊರಬರುವುದು ಅದೇ ಕಾಲದಲ್ಲಿ. ಬೆಳಗಾಗುವುದರೊಳಗೆ ಎಳೆಯ ಕುಡಿಗಳು ಮಾಯವಾಗಿ, ಎಲೆಗಳ ಮೇಲೆ ಬೆಳ್ಳಿಯ ಗೆರೆಯಂತಹ ಜಾಡು ಮಾತ್ರ ಉಳಿದಿರುತ್ತದೆ. ಆಗ ಮನೆಯವರ ಕೈ ಸಹಜವಾಗಿ ಹೋಗುವುದು ಅಡುಗೆಮನೆಯ ಉಪ್ಪಿನ ಭರಣಿಗೆ.

ಉಪ್ಪು ಬಿದ್ದೊಡನೆ ಆ ಜೀವಿಯ ಮೈಯೊಳಗಿನ ನೀರೆಲ್ಲ ಹೊರಗೆ ಸೆಳೆಯಲ್ಪಡುತ್ತದೆ. ಅದು ನೊರೆ ಕಾರಿ, ಮುದುಡಿ, ನಿಧಾನವಾಗಿ ಸಾಯುತ್ತದೆ. ಇದನ್ನು ಯಾರೂ ಕೊಲೆಯೆಂದು ಎಣಿಸುವುದಿಲ್ಲ. ಹಿತ್ತಲು ಸ್ವಚ್ಛವಾಯಿತೆಂದು ಎಣಿಸುತ್ತಾರೆ. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿಯೂ ಈ ಒಂದು ಹಿಡಿ ಉಪ್ಪು ಲೆಕ್ಕಕ್ಕೆ ಬಾರದೆ ಹೋಗುವುದುಂಟು. ಲೆಕ್ಕಕ್ಕೆ ಬಾರದ ಖರ್ಚೇ ಅಂಗಡಿಯನ್ನು ಮುಳುಗಿಸುತ್ತದೆ ಎಂಬುದನ್ನು ವ್ಯಾಪಾರಸ್ಥರ ಮನೆತನಗಳಿಗೆ ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಈ ಸಣ್ಣ ವಿಷಯವನ್ನು ಇತಿಹಾಸ ಹಾಗೂ ಶಾಸ್ತ್ರಗಳ ಬೆಳಕಿನಲ್ಲಿ ಒಮ್ಮೆ ಪರಿಶೀಲಿಸುವುದು ಉಚಿತವಾಗಿದೆ.

ಮಳೆಗಾಲದ ಧರ್ಮ

ಬೆಳಗಾವಿ ಪ್ರದೇಶದ ಜೈನ ಇತಿಹಾಸವು ಭೂಮಿ ಮತ್ತು ಮಳೆಗಳೊಡನೆ ಹೆಣೆದುಕೊಂಡು ಬಂದದ್ದು. ಇಂದಿನ ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ರಾಜಧಾನಿಯಾಗಿತ್ತು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಕದಂಬ ಅರಸರು ಜಿನಾಲಯಗಳಿಗೂ ಮುನಿಸಂಘಗಳಿಗೂ ಕೊಟ್ಟ ಭೂದಾನಗಳ ವಿವರವಿದೆ. ಐದನೆಯ ಶತಮಾನದ ಕೊನೆ ಹಾಗೂ ಆರನೆಯ ಶತಮಾನದ ಆರಂಭದಲ್ಲಿ ಆಳಿದ ರವಿವರ್ಮನ ಶಾಸನವೊಂದು ಪ್ರತಿವರ್ಷ ಕಾರ್ತಿಕ ಮಾಸದಲ್ಲಿ ಎಂಟು ದಿನಗಳ ಜಿನೇಂದ್ರ ಮಹೋತ್ಸವಕ್ಕೆ ಏರ್ಪಾಡು ಮಾಡುವುದರ ಜೊತೆಗೆ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಆಹಾರದ ವ್ಯವಸ್ಥೆಯಾಗಬೇಕೆಂದು ವಿಧಿಸುತ್ತದೆ.

ಮಳೆಗಾಲದ ನಾಲ್ಕು ತಿಂಗಳೆಂದು ಆ ಅರಸನು ಹೆಸರಿಸಿ ಹೇಳಿದ್ದಕ್ಕೆ ಕಾರಣವುಂಟು. ಉಳಿದ ಕಾಲದಲ್ಲಿ ಊರಿಂದೂರಿಗೆ ವಿಹರಿಸುವ ಮುನಿಗಳು ಆಷಾಢ ಶುದ್ಧ ಚತುರ್ದಶಿಯಂದು ವರ್ಷಾಯೋಗವನ್ನು ಸ್ವೀಕರಿಸಿ ಒಂದೇ ಸ್ಥಳದಲ್ಲಿ ನೆಲೆನಿಲ್ಲುತ್ತಾರೆ. ನೆಲ ನೆನೆದಾಗ ಹುಲ್ಲು ಮೊಳೆಯುತ್ತದೆ, ಮಣ್ಣಿನೊಳಗಿನ ಜೀವರಾಶಿ ದಾರಿಗೆ ಬರುತ್ತದೆ. ನಡೆದವರ ಪಾದದಡಿಯಲ್ಲಿ ಅದು ನಲುಗಬಾರದೆಂಬುದೇ ಈ ನಿಯಮದ ಮೂಲ. ಹೀಗೆ ಯಾವ ಜೀವಿಗಳು ದಾರಿಗೆ ಬರುತ್ತವೆಂದು ಮುನಿಗಳು ನಡಿಗೆಯನ್ನೇ ನಿಲ್ಲಿಸುತ್ತಾರೋ, ಅದೇ ಜೀವಿಗಳನ್ನು ಅದೇ ನಾಲ್ಕು ತಿಂಗಳಲ್ಲಿ ಶ್ರಾವಕನು ಹಿತ್ತಲಿನಲ್ಲಿ ಹುಡುಕಿ ಕೊಲ್ಲುವುದಾದರೆ, ಚಾತುರ್ಮಾಸದ ಆಚರಣೆಯಲ್ಲಿ ಅವನು ವಹಿಸಿದ ಪಾಲು ಯಾವುದೆಂಬ ಪ್ರಶ್ನೆ ಏಳುತ್ತದೆ.

ಮುನವಳ್ಳಿಗೆ ನೆರೆಯ ಸವದತ್ತಿಯು ಶಾಸನಗಳಲ್ಲಿ ಸುಗಂಧವರ್ತಿ ಎಂದು ಪ್ರಸಿದ್ಧವಾದ ರಟ್ಟರ ರಾಜಧಾನಿ. ಶಕ 797 (ಕ್ರಿ.ಶ. 875) ಎಂಬ ಕಾಲನಿರ್ದೇಶವುಳ್ಳ ಅಲ್ಲಿಯ ಶಾಸನವು ಪೃಥ್ವೀರಾಮನು ಜಿನಾಲಯವನ್ನು ಕಟ್ಟಿಸಿ ಹದಿನೆಂಟು ನಿವರ್ತನ ಭೂಮಿಯನ್ನು ಬಿಟ್ಟುದನ್ನು ಹೇಳುತ್ತದೆ. ಶಕ 902ರ (ಕ್ರಿ.ಶ. 980) ಶಾಸನವು ಶಾಂತಿವರ್ಮನು ಅಲ್ಲಿಯೇ ಬಸದಿಗೆ 150 ಮತ್ತರು ಭೂಮಿಯನ್ನು ಕೊಟ್ಟುದನ್ನು ದಾಖಲಿಸುತ್ತದೆ. ಮುಂದೆ ರಟ್ಟರು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ ಹೋದ ಮೇಲೆ, 1204ರಲ್ಲಿ ಕೋಟೆಯೊಳಗಿನ ಬಸದಿಗೂ ದಾನಗಳು ನಡೆದವು. ಈ ಭೂಮಿಗಳನ್ನು ಯಾರೋ ಉತ್ತಿದರು, ಬಿತ್ತಿದರು. ಆ ಫಲದಿಂದಲೇ ಬಸದಿಯ ನಿತ್ಯಪೂಜೆ ನಡೆಯಿತು. ಇಂದಿಗೂ ಬೆಳಗಾವಿ ಜಿಲ್ಲೆಯ ಜೈನರಲ್ಲಿ ಬೇಸಾಯದ ಮನೆತನಗಳು ಬಹಳ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವರು ಭಗವಾನ್ ಆದಿನಾಥರೇ ಎಂಬುದು ಪರಂಪರೆ. ಆದ್ದರಿಂದ ಮಣ್ಣನ್ನು ಮುಟ್ಟುವುದೇ ಪಾಪವೆಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಮಣ್ಣನ್ನು ಮುಟ್ಟುವವನ ಎಚ್ಚರ ಎಷ್ಟಿರಬೇಕೆಂಬುದೇ ವಿಚಾರ.

ಶಂಖದ ಕುಲದ ಜೀವ

ಶಾಸ್ತ್ರಕಾರರು ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವಾಗ ಶಂಖ, ಕಪ್ಪೆಚಿಪ್ಪು, ಕೃಮಿ ಮೊದಲಾದವನ್ನು ದ್ವೀಂದ್ರಿಯಗಳಲ್ಲಿ ಸೇರಿಸಿದ್ದಾರೆ. ಬಸವನಹುಳು ನೆಲದ ಮೇಲೆ ಬಾಳುವ ಶಂಖವೇ ಸರಿ. ಇಂದಿನ ಪ್ರಾಣಿಶಾಸ್ತ್ರವೂ ಕಡಲ ಶಂಖವನ್ನೂ ಹಿತ್ತಲಿನ ಬಸವನಹುಳುವನ್ನೂ ಒಂದೇ ವರ್ಗದಲ್ಲಿರಿಸುತ್ತದೆ. ದ್ವೀಂದ್ರಿಯ ಜೀವಕ್ಕೆ ಸ್ಪರ್ಶನ, ರಸನ ಎಂಬ ಎರಡು ಇಂದ್ರಿಯಗಳು. ಕಾಯಬಲ, ವಚನಬಲ, ಉಚ್ಛ್ವಾಸ, ಆಯು ಸೇರಿ ಒಟ್ಟು ಆರು ಪ್ರಾಣಗಳು. ಮನಸ್ಸಿಲ್ಲ. ಆದರೆ ಅದು ಸ್ಥಾವರವಲ್ಲ, ತ್ರಸಜೀವ. ಈ ಒಂದು ಭೇದವನ್ನು ಗೃಹಸ್ಥನು ಮರೆಯಬಾರದು. ಏಕೆಂದರೆ ಅವನ ಅಹಿಂಸಾಣುವ್ರತದ ಗಡಿರೇಖೆ ಇರುವುದೇ ಇಲ್ಲಿ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ನಿರೂಪಿಸುವಾಗ, ಮನ, ವಚನ, ಕಾಯಗಳಿಂದ, ತಾನು ಮಾಡಿಯಾಗಲಿ ಮಾಡಿಸಿಯಾಗಲಿ ಅನುಮೋದಿಸಿಯಾಗಲಿ ತ್ರಸಜೀವವನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದು ಎಂಬ ಅರ್ಥವನ್ನು ಕೊಟ್ಟಿದ್ದಾರೆ. ಪರಂಪರೆಯು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದ ಮೂರನ್ನು ಶಕ್ತಿಮೀರಿ ತಗ್ಗಿಸಬೇಕೆಂದೂ ಬೋಧಿಸುತ್ತದೆ. ಪಾತಿ ಅಗೆಯುವಾಗ ಗುದ್ದಲಿಗೆ ಹುಳುವೊಂದು ಸಿಕ್ಕಿ ಸತ್ತರೆ ಅದು ಆರಂಭೀ ಹಿಂಸೆ. ಆದರೆ ಒಂದು ಹುಳುವನ್ನು ಕಣ್ಣಾರೆ ಕಂಡು, ಅದು ಸಾಯಲೆಂದೇ ಉಪ್ಪು ಸುರಿದರೆ ಅದಕ್ಕೆ ಆರಂಭವೆಂಬ ಹೆಸರು ಸಲ್ಲದು. ಬೆಳೆಗೆ ಶತ್ರುವಾದ್ದರಿಂದ ವಿರೋಧೀ ಹಿಂಸೆಯೆನ್ನೋಣವೆಂದರೆ, ಮನಸ್ಸೇ ಇಲ್ಲದ ಜೀವಕ್ಕೆ ವಿರೋಧವೆಲ್ಲಿಂದ ಬಂದೀತು? ಅದಕ್ಕಿರುವುದು ಹಸಿವು ಮಾತ್ರ.

ಕೊಂದದ್ದು ಎಷ್ಟು ಸಣ್ಣ ಜೀವವೆಂಬುದಕ್ಕಿಂತ ಕೊಲ್ಲುವ ಭಾವ ಎಂತಹುದೆಂಬುದು ಮುಖ್ಯವೆಂದು ಕನ್ನಡಿಗರಿಗೆ ತಿಳಿಸಿಕೊಟ್ಟವನು ಕವಿ ಜನ್ನ. 1209ರಲ್ಲಿ ರಚಿತವಾದ ಅವನ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪ ಮಾತ್ರದಿಂದಲೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಹಿಟ್ಟಿನ ಕೋಳಿಯ ಫಲವೇ ಅಷ್ಟಾದರೆ, ಆರು ಪ್ರಾಣಗಳುಳ್ಳ ಜೀವದ ಮೇಲೆ ಬೀಳುವ ಹಿಡಿ ಉಪ್ಪಿನ ಫಲವನ್ನು ಓದುಗರೇ ಊಹಿಸಬಹುದು.

1847ರ ಒಂದು ಪ್ರಮಾದ

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ಬೋಧೆ. ಈ ಮಾತಿಗೆ ಬಸವನಹುಳುವಿನ ಆಧುನಿಕ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ನಮ್ಮ ನಾಡಿನ ಸಣ್ಣ ಬಸವನಹುಳುಗಳು ಬಹುಮಟ್ಟಿಗೆ ಕೊಳೆತ ಎಲೆ ತಿಂದು ಮಣ್ಣಿಗೆ ಉಪಕಾರ ಮಾಡುವಂಥವು. ಇಂದು ರೈತರನ್ನು ಕಂಗೆಡಿಸಿರುವುದು ಮುಖ್ಯವಾಗಿ ಆಫ್ರಿಕದ ದೈತ್ಯ ಬಸವನಹುಳು. ಪೂರ್ವ ಆಫ್ರಿಕ ಅದರ ತವರು. 1847ರಲ್ಲಿ ಬಂಗಾಳದ ಆಡಳಿತ ಸೇವೆಯಲ್ಲಿದ್ದ, ಚಿಪ್ಪುಪ್ರಾಣಿಗಳ ಅಭ್ಯಾಸಿಯಾದ ವಿಲಿಯಂ ಹೆನ್ರಿ ಬೆನ್ಸನ್ ಎಂಬವನು ಮಾರಿಷಸ್ಸಿನಿಂದ ಜೀವಂತ ಹುಳುಗಳನ್ನು ತಂದು ಕಲಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟನು. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ; ಇದ್ದುದು ಕುತೂಹಲ ಮಾತ್ರ. ಪರಿಣಾಮವನ್ನು ಯೋಚಿಸದ ಆ ಕುತೂಹಲದ ಫಲವನ್ನು ದೇಶ ಇಂದಿಗೂ ಉಣ್ಣುತ್ತಿದೆ.

ಈ ಹುಳುವಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಪ್ರತಿಯೊಂದರಲ್ಲಿಯೂ ಎರಡೂ ಅಂಗಗಳಿವೆ. ಒಂದು ಸಲಕ್ಕೆ ನೂರು, ಕೆಲವೊಮ್ಮೆ ಮುನ್ನೂರು ನಾನೂರರವರೆಗೂ ಮೊಟ್ಟೆಯಿಡುತ್ತದೆ. ಐನೂರಕ್ಕೂ ಮೇಲ್ಪಟ್ಟ ಸಸ್ಯಜಾತಿಗಳನ್ನು ತಿನ್ನಬಲ್ಲದು. ಬರಗಾಲದಲ್ಲಿ ಚಿಪ್ಪನ್ನು ಬಿಗಿದುಕೊಂಡು ತಿಂಗಳುಗಟ್ಟಲೆ ಮಲಗಬಲ್ಲದು. ಸಸಿಯ ಕುಂಡ, ಮಣ್ಣಿನ ಹೇರು, ಸಾಮಾನಿನ ಲಾರಿ ಇವುಗಳೊಡನೆ ಅದು ಪ್ರಾಂತದಿಂದ ಪ್ರಾಂತಕ್ಕೆ ಸಾಗಿದೆ. ಕರ್ನಾಟಕದಲ್ಲಿ ಕೊಡಗಿನ ಸೋಮವಾರಪೇಟೆ ಭಾಗದ ಕಾಫಿ ತೋಟಗಳೂ ಅದರ ಹಾವಳಿಯನ್ನು ಕಂಡಿವೆ. 2022ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಮರಾಠವಾಡದಲ್ಲಿ ಬಸವನಹುಳುಗಳು ಸೋಯಾ ಮೊಳಕೆಗಳನ್ನು ತಿಂದು ಹಾಕಿದ್ದರಿಂದ ಅನೇಕ ರೈತರು ಮರುಬಿತ್ತನೆ ಮಾಡಬೇಕಾಯಿತು.

ಅಮೆರಿಕದ ಫ್ಲಾರಿಡಾದಲ್ಲಿಯೂ ಇದೇ ಕಥೆ. 1966ರಲ್ಲಿ ಬಾಲಕನೊಬ್ಬನು ಪ್ರವಾಸದಿಂದ ಮರಳುವಾಗ ಮೂರು ಹುಳುಗಳನ್ನು ತಂದನು. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಮುಂದಿನ ವರ್ಷಗಳಲ್ಲಿ ಅವುಗಳ ಸಂತತಿಯನ್ನು ತೊಡೆಯಲು ಸರಕಾರವು ಹತ್ತು ಲಕ್ಷ ಡಾಲರುಗಳಷ್ಟು ವೆಚ್ಚ ಮಾಡಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹುಳುಗಳನ್ನು ನಾಶಪಡಿಸಬೇಕಾಯಿತು. ಮೂರು ಜೀವಗಳನ್ನು ಯೋಚಿಸದೆ ಬಿಟ್ಟುದು ಸಾವಿರಾರು ಜೀವಗಳ ವಧೆಗೆ ಕಾರಣವಾಯಿತು.

ಹವಾಯಿ ದ್ವೀಪಗಳ ಕಥೆ ಇನ್ನೂ ಖೇದಕರ. ದೈತ್ಯ ಹುಳುವನ್ನು ತಿನ್ನಲೆಂದು 1955ರಲ್ಲಿ ಅಲ್ಲಿಗೆ ಬೇರೊಂದು ಮಾಂಸಾಹಾರಿ ಬಸವನಹುಳುವನ್ನು ತಂದು ಬಿಡಲಾಯಿತು. ಅದು ದೈತ್ಯ ಹುಳುವನ್ನು ನಿರ್ಮೂಲ ಮಾಡಲಿಲ್ಲ. ಯಾರಿಗೂ ಕೇಡು ಬಗೆಯದ, ಆ ದ್ವೀಪಗಳಲ್ಲಿ ಮಾತ್ರವೇ ಇದ್ದ ಮರಬಸವನಹುಳುಗಳನ್ನು ತಿಂದು ಅಳಿವಿನಂಚಿಗೆ ತಂದಿತು. ತಾನು ಕೊಲ್ಲದೆ ಇನ್ನೊಂದು ಪ್ರಾಣಿಯಿಂದ ಕೊಲ್ಲಿಸಿದರೆ ದೋಷವಿಲ್ಲವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಕೃತ, ಕಾರಿತ, ಅನುಮೋದನಗಳನ್ನು ಆಚಾರ್ಯರು ಒಂದೇ ಸಾಲಿನಲ್ಲಿ ಇಟ್ಟುದು ಸುಮ್ಮನೆ ಅಲ್ಲ. ಹಿತ್ತಲಿಗೆ ತಾನಾಗಿ ಬಂದ ಕೆಂಬೂತವು ತನ್ನ ಆಹಾರವನ್ನು ಹೆಕ್ಕಿಕೊಂಡರೆ ಅದು ಪ್ರಕೃತಿಯ ವ್ಯವಹಾರ. ಹುಳು ತಿನ್ನಲೆಂದೇ ಬಾತುಕೋಳಿಯನ್ನು ಕೊಂಡುತಂದರೆ ಅದು ಕಾರಿತ.

ವಿಷದ ವ್ಯಾಪಾರ

ಅಂಗಡಿಗಳಲ್ಲಿ ಮೆಟಾಲ್ಡಿಹೈಡ್ ಎಂಬ ರಾಸಾಯನಿಕದ ಹರಳುಗಳು ದೊರೆಯುತ್ತವೆ. ತಿನಿಸಿನ ವಾಸನೆಗೆ ಬಂದ ಹುಳು ಅದನ್ನು ತಿಂದು ಸಾಯುತ್ತದೆ. ಆದರೆ ವಿಷವು ಹುಳುವಿನಲ್ಲಿಯೇ ನಿಲ್ಲುವುದಿಲ್ಲ. ನಾಯಿ, ಪಕ್ಷಿ ಮುಂತಾದ ಪಂಚೇಂದ್ರಿಯ ಜೀವಗಳೂ ಅದಕ್ಕೆ ಬಲಿಯಾಗುತ್ತವೆಂಬ ಕಾರಣದಿಂದಲೇ ಬ್ರಿಟನ್ ದೇಶವು 2022ರಲ್ಲಿ ಹೊಲ ತೋಟಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಅಹಿಂಸೆಯನ್ನು ಧರ್ಮವೆಂದು ಸಾರದ ದೇಶವೊಂದು ಪಕ್ಷಿಗಳ ಸಲುವಾಗಿ ಕೈಬಿಟ್ಟುದನ್ನು ಜೈನ ಗೃಹಸ್ಥನು ತನ್ನ ಪೂಜೆಯ ಹೂವಿನ ಬುಡಕ್ಕೆ ಹಾಕುವುದು ಶೋಭಿಸುವುದಿಲ್ಲ.

ವ್ಯಾಪಾರಸ್ಥರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ಕ್ರೂರಕರ್ಮಗಳನ್ನು ಎಣಿಸುವಾಗ ವಿಷವಾಣಿಜ್ಯವನ್ನೂ ಸೇರಿಸಿದ್ದಾರೆ. ಬೀಜ, ಗೊಬ್ಬರಗಳ ಜೊತೆಗೆ ಕೀಟನಾಶಕದ ಮಾರಾಟವೂ ಇಂದು ಒಂದೇ ಕಟ್ಟೆಯ ಮೇಲೆ ನಡೆಯುತ್ತದೆ. ನಮ್ಮ ಸಮಾಜದ ಅಂಗಡಿಕಾರರು ಆ ಪಟ್ಟಿಯನ್ನು ಒಮ್ಮೆ ತೆರೆದು ಓದಿ, ತಮ್ಮ ಸರಕಿನ ಪಟ್ಟಿಯೊಡನೆ ಹೋಲಿಸಿ ನೋಡುವುದು ಒಳಿತು.

ಯತ್ನಾಚಾರದ ದಾರಿ

ಹಾಗಾದರೆ ಹಿತ್ತಲನ್ನು ಹುಳುಗಳಿಗೇ ಬಿಟ್ಟುಕೊಡಬೇಕೇ? ಬೇಕಿಲ್ಲ. ಮಳೆಗೆ ಮುಂಚಿನ ಎಚ್ಚರವು ಮಳೆಯಲ್ಲಿನ ಕೊಲೆಯನ್ನು ಬಹುಪಾಲು ತಪ್ಪಿಸುತ್ತದೆ. ರೋಹಿಣಿ ಮಳೆಗೆ ಮೊದಲೇ ಹಿತ್ತಲಿನ ಒಡಕು ಕುಂಡ, ಹಳೆಯ ಹಲಗೆ, ಕಲ್ಲುಗುಪ್ಪೆ, ಕೊಳೆತ ಗೋಣಿಚೀಲಗಳನ್ನು, ಅಡಿಯಲ್ಲಿ ಜೀವವಿದೆಯೇ ಎಂದು ನೋಡಿ, ಮೆಲ್ಲನೆ ತೆಗೆದು ಒಂದು ಬದಿಗಿಡಬೇಕು. ಅಡಗುತಾಣವಿಲ್ಲದಲ್ಲಿ ಹುಳು ನೆಲೆಸುವುದಿಲ್ಲ. ಗಿಡಗಳಿಗೆ ಸಂಜೆ ನೀರುಣಿಸುವ ಬದಲು ಬೆಳಿಗ್ಗೆ ಉಣಿಸಿದರೆ ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ. ಸಸಿಗಳನ್ನು ಎತ್ತರದ ಕಟ್ಟೆಯ ಮೇಲೆ ಕುಂಡದಲ್ಲಿ ಬೆಳೆಸಿ, ಕಾಂಡ ಬಲಿತ ಮೇಲೆ ನೆಲಕ್ಕೆ ನೆಡಬಹುದು. ತಾಮ್ರದ ಪಟ್ಟಿ, ಒರಟು ಜಲ್ಲಿ ಮುಂತಾದ ತಡೆಗಳನ್ನು ಅನೇಕರು ಹೇಳುತ್ತಾರೆ. ಆದರೆ ಇಂಗ್ಲೆಂಡಿನ ರಾಯಲ್ ತೋಟಗಾರಿಕೆ ಸಂಘವು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅವುಗಳಿಂದ ಗಮನಾರ್ಹ ಪ್ರಯೋಜನ ಕಂಡುಬರಲಿಲ್ಲ. ಆದ್ದರಿಂದ ಅವುಗಳ ಮೇಲೆ ಹಣ ಹಾಕುವ ಅಗತ್ಯವಿಲ್ಲ.

ಇಷ್ಟಾದರೂ ಬಂದ ಹುಳುಗಳಿಗೆ ರಾತ್ರಿ ಪಾತಿಯ ಅಂಚಿನಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರಡಿಯಲ್ಲಿ ಪಪ್ಪಾಯದ ಇಲ್ಲವೆ ಕೋಸಿನ ಎಲೆಗಳನ್ನಿಡಬೇಕು. ಅವು ಅಲ್ಲಿ ಸೇರುತ್ತವೆ. ರಾತ್ರಿ ದೀಪ ಹಿಡಿದು ಹುಡುಕಹೋದರೆ ದೀಪಕ್ಕೆ ಮುತ್ತುವ ಕೀಟಗಳೂ ಕಾಲಡಿಯ ಜೀವಗಳೂ ಅಳಿಯುತ್ತವೆ. ಸೂರ್ಯೋದಯದ ನಂತರ, ಬಿಸಿಲು ಏರುವ ಮೊದಲು, ಕಣ್ಣಿಗೆ ಕಾಣುವಂತೆ ತೆಗೆಯುವುದೇ ಯುಕ್ತ. ಈ ಹುಳುಗಳಲ್ಲಿ ಮನುಷ್ಯನ ಮೆದುಳಿನ ಪೊರೆಗೆ ರೋಗ ತರಬಲ್ಲ ಸೂಕ್ಷ್ಮ ಕ್ರಿಮಿಗಳು ಇರುವ ಸಂಭವವಿದೆ. ಆದುದರಿಂದ ಬರಿಗೈಯಿಂದ ಮುಟ್ಟದೆ ಕೈಗವಸು ಹಾಕಿಕೊಂಡು ತೆಗೆದು, ಆಮೇಲೆ ಸಾಬೂನಿನಿಂದ ಕೈತೊಳೆಯಬೇಕು, ಮಕ್ಕಳನ್ನು ದೂರವಿಡಬೇಕು. ನೋಡಿ ಎತ್ತುವುದು, ನೋಡಿ ಇಡುವುದು ಎಂಬ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಧಿಸಿದ್ದಾದರೂ ಗೃಹಸ್ಥನಿಗೆ ಇಲ್ಲಿ ದಾರಿದೀಪವಾಗುತ್ತದೆ.

ಹಿಡಿದ ಹುಳುಗಳನ್ನು ಡಬ್ಬಿಯಲ್ಲಿ ಮುಚ್ಚಿ ಬಿಸಿಲಿಗಿಡುವ ರೂಢಿ ಕೆಲವೆಡೆ ಇದೆ. ತಾನು ಕೊಲ್ಲಲಿಲ್ಲ, ತಾನಾಗಿ ಸತ್ತಿತು ಎಂಬುದು ಸಮಾಧಾನ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನವು ಮೊದಲನೆಯದು, ಅನ್ನಪಾನನಿರೋಧವು ಕೊನೆಯದು. ಆ ಡಬ್ಬಿಯಲ್ಲಿ ಎರಡೂ ಕೂಡಿವೆ. ಶಂಖವು ಲಾಂಛನವಾಗಿರುವ ಭಗವಾನ್ ನೇಮಿನಾಥರು ಮದುವೆಯ ಮೆರವಣಿಗೆಯಲ್ಲಿ ಕಟ್ಟಿಹಾಕಿದ ಮೂಕಪ್ರಾಣಿಗಳ ಆಕ್ರಂದನ ಕೇಳಿ ರಥವನ್ನು ಹಿಂದಿರುಗಿಸಿದ ಕಥೆಯನ್ನು ಪ್ರತಿ ಮಗುವೂ ಬಲ್ಲುದು. ಆಕ್ರಂದನವು ಕೇಳಿಸದಿದ್ದರೆ ಬಂಧನದ ದೋಷ ಕಡಿಮೆಯಾಗುವುದಿಲ್ಲ. ನಮ್ಮ ನಾಡಿನ ಸಣ್ಣ ಹುಳುಗಳನ್ನು ತನ್ನದೇ ಜಾಗದ ನೆರಳಿನ ಮೂಲೆಯಲ್ಲಿ, ಒಣ ಎಲೆ ಹಾಗೂ ತರಕಾರಿ ಸಿಪ್ಪೆಗಳ ಬಳಿ ಬಿಡುವುದು ಸರಿಯಾದ ಕ್ರಮ.

ದೈತ್ಯ ಹುಳುವಿನ ವಿಷಯ ಹೀಗೆ ಸುಲಭವಲ್ಲವೆಂಬುದನ್ನು ಒಪ್ಪಬೇಕು. ಅದನ್ನು ಊರಾಚೆಯ ಹಳ್ಳಕ್ಕೋ ಪರರ ಹೊಲಕ್ಕೋ ಬಿಟ್ಟರೆ 1847ರ ತಪ್ಪನ್ನೇ ಮತ್ತೆ ಮಾಡಿದಂತೆ. ತನ್ನ ಹಿತ್ತಲಿನ ದಯೆಯು ನೆರೆಯವನ ನಷ್ಟವಾಗುತ್ತದೆ. ಆದ್ದರಿಂದ ಅದು ಬಾರದಂತೆ ತಡೆಯುವುದೇ ಪ್ರಧಾನ. ಸಸಿ, ಮಣ್ಣು, ಗೊಬ್ಬರ ತರುವಾಗ ಕುಂಡದ ತಳವನ್ನೂ ಬೇರಿನ ಸಂದಿಯನ್ನೂ ಪರೀಕ್ಷಿಸದೆ ಮನೆಯೊಳಗೆ ತರಬಾರದು. ಬಂದೇ ಬಿಟ್ಟಿದ್ದರೆ ಏನು ಮಾಡಬೇಕೆಂಬುದನ್ನು ಊರಿನಲ್ಲಿ ಚಾತುರ್ಮಾಸ ನಡೆಸುವ ಮುನಿಗಳ ಮುಂದೆ ಇಟ್ಟು ವಿಚಾರಿಸುವುದು ವಿಹಿತ. ಇಡೀ ವರ್ಷದ ಬೆಳೆಯನ್ನು ಕಳೆದುಕೊಳ್ಳುವ ಭಯದಲ್ಲಿರುವ ರೈತನ ಕಷ್ಟವೂ ಬೇರೆಯದೇ. ಹಿತ್ತಲಿನ ನಾಲ್ಕು ಎಲೆಗಾಗಿ ಉಪ್ಪಿನ ಭರಣಿ ಹಿಡಿದವರಿಗೆ ಅವನ ಮೇಲೆ ತೀರ್ಪು ಕೊಡುವ ಅಧಿಕಾರವಿಲ್ಲ. ಬೇರೆ ದಾರಿಗಳನ್ನೆಲ್ಲ ನೋಡಿದ ಮೇಲೂ ಅವನಿಂದ ಹಿಂಸೆ ನಡೆದರೆ, ಅದನ್ನು ದೋಷವೆಂದೇ ಬಗೆದು ಆಲೋಚನೆ, ಪ್ರತಿಕ್ರಮಣಗಳಲ್ಲಿ ನೆನೆಯಬೇಕು. ದೋಷವನ್ನು ದೋಷವೆಂದು ಬರೆದಿಡುವ ಲೆಕ್ಕದಲ್ಲಿ ತೀರಿಸುವ ದಾರಿಯೂ ಉಳಿದಿರುತ್ತದೆ.

ಕೊನೆಯದಾಗಿ ಒಂದು ಮಾತು. ಸೊಪ್ಪಿನಲ್ಲಿ ಸೂಕ್ಷ್ಮಜೀವಗಳು ಹೆಚ್ಚಿರುತ್ತವೆಂದು ಅನೇಕ ಶ್ರಾವಕ ಮನೆಗಳಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪನ್ನು ತ್ಯಜಿಸುತ್ತಾರೆ. ತಾವು ತಿನ್ನದ ಸೊಪ್ಪನ್ನು ಕಾಯಲು ಆ ತಿಂಗಳುಗಳಲ್ಲಿ ಹುಳುಗಳನ್ನು ಕೊಲ್ಲುವುದರಲ್ಲಿ ಯಾವ ಅರ್ಥವಿದೆ? ಆ ನಾಲ್ಕು ತಿಂಗಳು ಸೊಪ್ಪಿನ ಪಾತಿಯನ್ನು ಬಿತ್ತದೆ ಬೀಳುಬಿಡುವುದು ಮನೆಗಳಿಗೆ ಅಷ್ಟೇನೂ ಕಠಿಣವಲ್ಲ. ಬಸದಿಯ ವಿಶ್ವಸ್ತಮಂಡಳಿಗಳು ಹೂದೋಟ ನೋಡಿಕೊಳ್ಳುವ ಆಳಿಗೆ ಉಪ್ಪನ್ನೂ ವಿಷವನ್ನೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿ, ಮಳೆಗೆ ಮುಂಚೆ ತೋಟವನ್ನು ಹಸನು ಮಾಡಿಸಲು ಎರಡು ದಿನದ ಕೂಲಿಯನ್ನು ಪ್ರತಿವರ್ಷದ ಅಂದಾಜುಪತ್ರಿಕೆಯಲ್ಲಿ ಸೇರಿಸಬಹುದು. ಆಳಿಗೆ ಹೇಳದೆ ಬಿಟ್ಟರೆ ಅವನು ಮಾಡಿದ್ದು ಮಂಡಳಿಯ ಕಾರಿತವಾಗುತ್ತದೆ. ರವಿವರ್ಮನು ಮಳೆಗಾಲದ ನಾಲ್ಕು ತಿಂಗಳಿಗೆಂದು ತಾಮ್ರಪಟದಲ್ಲಿ ವ್ಯವಸ್ಥೆ ಬರೆಯಿಸಿದ ನಾಡಿನಲ್ಲಿ, ಅದೇ ತಿಂಗಳುಗಳ ಸಲುವಾಗಿ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು ದೊಡ್ಡ ಭಾರವಾಗಲಾರದು.